ರವೆ ತಿಂದು ಇರುವೆಯ ಹೊಟ್ಟೆ ಒಡೆಯುತ್ತದೆಯೇ? ಮನೆಯ ಇರುವೆ ಓಡಿಸುವ ಉಪಾಯಗಳಲ್ಲಿ ಯಾವುದು ನಿಜ, ಯಾವುದು ಅಪಾಯ

ಕಳೆದ ಮಳೆಗಾಲದ ಶುರುವಿನಲ್ಲಿ ಅಮ್ಮನ ವಾಟ್ಸಾಪ್‌ಗೆ ಒಂದು ವಿಡಿಯೊ ಬಂತು. ಇರುವೆ ಓಡಾಡುವ ಜಾಗದಲ್ಲಿ ಒಂದು ಹಿಡಿ ರವೆ ಹಾಕಬೇಕಂತೆ. ರವೆ ತಿಂದ ಇರುವೆ ನೀರು ಕುಡಿಯುತ್ತದಂತೆ, ಹೊಟ್ಟೆಯೊಳಗೆ ರವೆ ಊದಿಕೊಂಡು ಸಾಯುತ್ತದಂತೆ. ವಿಷವಿಲ್ಲ, ಖರ್ಚಿಲ್ಲ. ಅಮ್ಮ ನಂಬಿದಳು. ಉಪ್ಪಿಟ್ಟಿಗೆಂದು ಹುರಿದಿಟ್ಟಿದ್ದ ರವೆಯಲ್ಲೇ ಅರ್ಧ ಬಟ್ಟಲು ತೆಗೆದು ಸಿಂಕಿನ ಪಕ್ಕದ ಮೂಲೆಗೆ ಸುರಿದಳು. ಬೆಳಿಗ್ಗೆ ಎದ್ದು ನೋಡಿದರೆ ರವೆ ಮುಕ್ಕಾಲು ಪಾಲು ಖಾಲಿ. ಸತ್ತ ಇರುವೆ ಮಾತ್ರ ಒಂದೂ ಇಲ್ಲ. "ಗೂಡಿಗೆ ಹೋಗಿ ಸತ್ತಿರುತ್ತವೆ ಬಿಡು" ಎಂದಳು. ಸಂಜೆಯ ಹೊತ್ತಿಗೆ ಸಾಲು ಇನ್ನೂ ಉದ್ದವಾಗಿತ್ತು.

ರವೆಯಿಂದ ನಷ್ಟವೇನೂ ಆಗಲಿಲ್ಲ, ಅರ್ಧ ಬಟ್ಟಲು ಉಪ್ಪಿಟ್ಟು ಹೋಯಿತು ಅಷ್ಟೆ. ತೊಂದರೆ ಇರುವುದು ಇಂಥ ಉಪಾಯ ಸೋತ ಮೇಲೆ ನಾವು ಕೈ ಹಾಕುವ ವಸ್ತುಗಳಲ್ಲಿ. ಅಂಗಡಿಯಿಂದ ತರುವ ಸ್ಪ್ರೇ, ಚಾಕ್, ಹೆಸರೇ ಇಲ್ಲದ ಪೊಟ್ಟಣದ ಪುಡಿ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಅದನ್ನು ಹೇಳುವ ಮೊದಲು ರವೆಯ ಲೆಕ್ಕ ಮುಗಿಸೋಣ. ಏಕೆಂದರೆ ರವೆ ಏಕೆ ಕೆಲಸ ಮಾಡುವುದಿಲ್ಲ ಎಂಬುದು ಗೊತ್ತಾದರೆ, ಯಾವುದು ಕೆಲಸ ಮಾಡುತ್ತದೆ ಎಂಬುದೂ ಗೊತ್ತಾಗುತ್ತದೆ.

ಇರುವೆ ರವೆಯನ್ನು ನುಂಗುವುದೇ ಇಲ್ಲ

ಬೆಳೆದ ಇರುವೆಗಳು ಗಟ್ಟಿ ಆಹಾರವನ್ನು ನುಂಗಲಾರವು. ಅವುಗಳ ದವಡೆ ಇರುವುದು ಕಚ್ಚಲು, ಕತ್ತರಿಸಲು, ಹೊರಲು. ಹೊಟ್ಟೆಗೆ ಇಳಿಯುವುದು ದ್ರವ ಮಾತ್ರ. ಬಾಯಿಯ ಒಳಗೆ ಒಂದು ಪುಟ್ಟ ಚೀಲವಿದೆ. ಆಹಾರದ ಜೊತೆ ಬಂದ ಕಣಗಳು ಅಲ್ಲೇ ಸೋಸಿ ನಿಲ್ಲುತ್ತವೆ, ಉಂಡೆ ಕಟ್ಟುತ್ತವೆ, ಇರುವೆ ಆ ಉಂಡೆಯನ್ನು ಉಗುಳಿಬಿಡುತ್ತದೆ. ಇರುವೆಯ ಸೊಂಟ ಎಷ್ಟು ಸಣ್ಣ ನೋಡಿದ್ದೀರಲ್ಲ, ಅನ್ನನಾಳ ಹೋಗುವುದು ಅದರೊಳಗಿಂದಲೇ. ಅಲ್ಲಿ ಒಂದು ಹರಳು ಸಿಕ್ಕಿಕೊಂಡರೂ ಕಥೆ ಮುಗಿಯಿತು. ಹಾಗಾಗಿ ರವೆಯ ಕಾಳು ಇರುವೆಯ ಹೊಟ್ಟೆ ಸೇರುವ ಪ್ರಶ್ನೆಯೇ ಇಲ್ಲ. ಸೇರದ್ದು ಊದುವುದು ಹೇಗೆ?

ಹಾಗಾದರೆ ಅಮ್ಮನ ರವೆ ಎಲ್ಲಿ ಹೋಯಿತು? ಗೂಡಿಗೆ, ಮರಿಗಳಿಗೆ. ಹಲವು ಜಾತಿಯ ಇರುವೆಗಳಲ್ಲಿ ಗಟ್ಟಿ ಆಹಾರವನ್ನು ಜೀರ್ಣಿಸುವ ಶಕ್ತಿ ಇರುವುದು ಲಾರ್ವಾ ಹಂತದ ಮರಿಗಳಿಗೆ. ಕೆಲಸಗಾರ ಇರುವೆ ತುಣುಕನ್ನು ತಂದು ಮರಿಯ ಬಾಯಿಯ ಬಳಿ ಇಡುತ್ತದೆ, ಮರಿ ಅದನ್ನು ಕರಗಿಸಿಕೊಳ್ಳುತ್ತದೆ, ಅದರಲ್ಲಿ ಒಂದಿಷ್ಟು ದ್ರವವಾಗಿ ದೊಡ್ಡವರಿಗೂ ವಾಪಸ್ ಸಿಗುತ್ತದೆ. ತೊಟ್ಟಿಲಲ್ಲಿರುವ ಮಗು ಮನೆಯವರಿಗೆಲ್ಲ ಅಗಿದು ಕೊಟ್ಟ ಹಾಗೆ! ಅಂದರೆ ನಾವು ಇರುವೆಗಳನ್ನು ಕೊಲ್ಲಲಿಲ್ಲ, ಅವುಗಳ ಮಕ್ಕಳಿಗೆ ಊಟ ಹಾಕಿದೆವು.

ಸಕ್ಕರೆ ನೀರು, ಹಣ್ಣಿನ ರಸ, ಬೆಲ್ಲದ ಪಾಕದಂಥ ದ್ರವದ ದಾರಿ ಬೇರೆ. ಇರುವೆಯ ಹೊಟ್ಟೆಯಲ್ಲಿ ಎರಡು ಕೋಣೆಗಳಿವೆ. ಒಂದು ಅದರ ಸ್ವಂತದ್ದು. ಇನ್ನೊಂದಕ್ಕೆ ವಿಜ್ಞಾನಿಗಳು ಸಾಮಾಜಿಕ ಹೊಟ್ಟೆ ಎನ್ನುತ್ತಾರೆ. ಅದು ಹೊಟ್ಟೆ ಅನ್ನುವುದಕ್ಕಿಂತ ಕೊಡಪಾನ. ಹೊರಗೆ ತುಂಬಿಸಿಕೊಂಡು ಬಂದದ್ದನ್ನು ಗೂಡಿನಲ್ಲಿ ಎದುರು ಸಿಕ್ಕವರ ಬಾಯಿಗೆ ಬಾಯಿಟ್ಟು ಹಂಚುತ್ತದೆ. ಪಡೆದವರು ಇನ್ನೊಬ್ಬರಿಗೆ ಹಂಚುತ್ತಾರೆ. ಹೀಗೆ ಒಂದು ಹನಿ ಪಾಕ ಕೈ ಬದಲಾಗುತ್ತಾ, ಹೊರಗೆ ಎಂದೂ ಬಾರದ ಮರಿಗಳಿಗೂ ರಾಣಿಗೂ ತಲುಪುತ್ತದೆ. ಈ ಹಂಚಿಕೆಯ ವಿಷಯ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಡುಗೆ ಸೋಡಾದ ಬಗ್ಗೆಯೂ ಇಂಥದ್ದೇ ಕಥೆ ಇದೆ. ಸಕ್ಕರೆಯ ಜೊತೆ ಬೆರೆಸಿಟ್ಟರೆ ಹೊಟ್ಟೆಯಲ್ಲಿ ಗ್ಯಾಸ್ ತುಂಬಿ ಇರುವೆ ಸಿಡಿಯುತ್ತದೆ ಎನ್ನುತ್ತಾರೆ. ಇರುವೆ ಸಕ್ಕರೆ ಹರಳನ್ನು ಆರಿಸಿಕೊಂಡು ಸೋಡಾ ಪುಡಿಯನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಅರಿಶಿನ, ನಿಂಬೆ, ಲವಂಗ: ಅರ್ಧ ಸತ್ಯ

ಚಿಕ್ಕವರಿದ್ದಾಗ ಇರುವೆ ಸಾಲಿನ ನಡುವೆ ಬೆರಳಿನಿಂದ ಒಂದು ಗೆರೆ ಒರೆಸಿ ಮಜಾ ನೋಡದವರು ಯಾರು? ಎರಡೂ ಕಡೆಯ ಇರುವೆಗಳು ಗೆರೆಯ ಬಳಿ ಬಂದು ತಬ್ಬಿಬ್ಬಾಗುತ್ತವೆ, ಅತ್ತಿತ್ತ ಹುಡುಕಾಡುತ್ತವೆ. ಸ್ವಲ್ಪ ಹೊತ್ತಿನಲ್ಲಿ ಧೈರ್ಯಸ್ಥ ಇರುವೆಯೊಂದು ದಾಟುತ್ತದೆ, ಹಿಂದೆಯೇ ಉಳಿದವು.

ಆ ಸಾಲು ಇರುವುದು ವಾಸನೆಯ ಮೇಲೆ. ಆಹಾರ ಸಿಕ್ಕ ಇರುವೆ ವಾಪಸ್ ಬರುವಾಗ ಹೊಟ್ಟೆಯ ತುದಿಯಿಂದ ನೆಲಕ್ಕೆ ಒಂದು ರಾಸಾಯನಿಕವನ್ನು ಸವರುತ್ತಾ ಬರುತ್ತದೆ. ಇದಕ್ಕೆ ಫೆರೋಮೋನ್ ಎಂದು ಹೆಸರು. ಅಮೆರಿಕದ ಜೀವವಿಜ್ಞಾನಿ ಎಡ್ವರ್ಡ್ ವಿಲ್ಸನ್ 1959ರಲ್ಲಿ, ಬೆಂಕಿ ಇರುವೆಯ ಹೊಟ್ಟೆಯಲ್ಲಿರುವ ಒಂದು ಪುಟ್ಟ ಗ್ರಂಥಿಯಿಂದ ಈ ವಾಸನೆ ಬರುತ್ತದೆ ಎಂದು ತೋರಿಸಿದರು. ಆ ಗ್ರಂಥಿಯ ರಸದಿಂದ ಗಾಜಿನ ಮೇಲೆ ಗೆರೆ ಎಳೆದರೆ, ಅಲ್ಲಿ ಆಹಾರವೇನೂ ಇಲ್ಲದಿದ್ದರೂ ಇರುವೆಗಳು ಗೆರೆಯ ಗುಂಟ ನಡೆದವು. ಗೆರೆ ಬೇಗ ಆರುತ್ತದೆ. ಆಹಾರ ಸಿಗುತ್ತಿರುವವರೆಗೆ ಹೋಗಿಬರುವ ಇರುವೆಗಳು ಅದನ್ನು ಮತ್ತೆ ಮತ್ತೆ ಸವರಿ ಗಟ್ಟಿ ಮಾಡುತ್ತವೆ, ಸಿಗದಿದ್ದರೆ ಗೆರೆ ತಾನಾಗಿ ಅಳಿಯುತ್ತದೆ.

ಅರಿಶಿನ, ದಾಲ್ಚಿನ್ನಿ ಪುಡಿ, ನಿಂಬೆರಸ, ವಿನೆಗರ್ ಎಲ್ಲವೂ ಮಾಡುವುದು ಈ ಗೆರೆಯನ್ನು ಮುಚ್ಚುವ ಅಥವಾ ಕೆಡಿಸುವ ಕೆಲಸ. ಲವಂಗದ ಎಣ್ಣೆ, ಮಜ್ಜಿಗೆ ಹುಲ್ಲಿನ ಎಣ್ಣೆಯಂಥವು ಇರುವೆಗೆ ನಿಜಕ್ಕೂ ಹಿಡಿಸುವುದಿಲ್ಲ. ಆದರೆ ಅವುಗಳ ಘಾಟು ಹಾರಿಹೋಗುವುದೂ ಬೇಗ. ಆದ್ದರಿಂದ ಅಜ್ಜಿ ಹೇಳಿದ್ದು ಸುಳ್ಳಲ್ಲ, ಅರಿಶಿನ ಹಾಕಿದ ಜಾಗದಲ್ಲಿ ಇರುವೆ ನಿಲ್ಲುತ್ತದೆ. ನಾಲ್ಕು ಅಡಿ ಆಚೆ ಇನ್ನೊಂದು ದಾರಿ ತೆರೆಯುತ್ತದೆ. ಇದೇ ಕೆಲಸಕ್ಕೆ ನನಗೆ ಇಷ್ಟವಾಗುವುದು ಪಾತ್ರೆ ತೊಳೆಯುವ ಸೋಪಿನ ನೀರು. ಅದರಲ್ಲಿ ಅದ್ದಿದ ಬಟ್ಟೆಯಿಂದ ಸಾಲಿನ ಉದ್ದಕ್ಕೂ, ಗೋಡೆಯ ಮೇಲೂ ಒರೆಸಿದರೆ ವಾಸನೆಯ ಗೆರೆಯೂ ಹೋಗುತ್ತದೆ, ಸೋಪುನೀರು ತಾಗಿದ ಇರುವೆಯೂ ಸಾಯುತ್ತದೆ, ಕಟ್ಟೆಯ ಮೇಲೆ ಹಳದಿ ಕಲೆಯೂ ಉಳಿಯುವುದಿಲ್ಲ.

1965ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ವಿದ್ಯಾರ್ಥಿಯಾಗಿದ್ದಾಗ ತಮ್ಮ ಕೋಣೆಯ ತಿಂಡಿಗೆ ಮುತ್ತಿದ ಇರುವೆಗಳನ್ನು ಒಂದನ್ನೂ ಕೊಲ್ಲದೆ ಓಡಿಸಿದ ಕಥೆಯನ್ನು ಬರೆದಿದ್ದಾರೆ. ಕಾಗದದ ತುಂಡುಗಳ ಮೇಲೆ ಇರುವೆಗಳನ್ನು ಹತ್ತಿಸಿಕೊಂಡು ದೂರದಲ್ಲಿ ಇಟ್ಟ ಸಕ್ಕರೆಯ ಬಳಿಗೆ ದೋಣಿ ದಾಟಿಸಿದ ಹಾಗೆ ಸಾಗಿಸಿದರು. ಸಕ್ಕರೆ ಸಿಗುವ ದಾರಿ ಗಟ್ಟಿಯಾಯಿತು, ತಿಂಡಿಯ ದಾರಿ ಅಳಿಯಿತು. ಮನೆಯಲ್ಲಿ ಪ್ರಯತ್ನಿಸಬಹುದು, ಫೈನ್‌ಮನ್‌ಗೆ ಇದ್ದಷ್ಟು ಬಿಡುವು ಇದ್ದರೆ.

ಸ್ಪ್ರೇ ಹೊಡೆದ ಮೇಲೆ ಮೂರು ಕಡೆಯಿಂದ ಬಂದವು

ಇದು ನನ್ನ ಸ್ವಂತ ತಪ್ಪು. ಬೆಂಗಳೂರಿನಲ್ಲಿ ನಾನಿರುವ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಕಿಟಕಿಯ ಚೌಕಟ್ಟಿನಿಂದ ಒಂದು ಸಾಲು ಬರುತ್ತಿತ್ತು. ತೀರಾ ಸಣ್ಣ ಇರುವೆಗಳು, ತಲೆ ಕಪ್ಪು, ಹಿಂಭಾಗ ನೀರಿನಂತೆ ಬಿಳಿಚು. ಬಿಳಿ ಟೈಲ್ಸ್ ಮೇಲೆ ತಲೆಗಳು ಮಾತ್ರ ಓಡಾಡಿದ ಹಾಗೆ ಕಾಣುತ್ತಿತ್ತು. ಜಿರಳೆಗೆ ತಂದಿದ್ದ ಸ್ಪ್ರೇಯನ್ನು ಚೌಕಟ್ಟಿಗೆ ಚೆನ್ನಾಗಿ ಹೊಡೆದೆ. ಅರ್ಧ ಗಂಟೆಯಲ್ಲಿ ಎಲ್ಲ ಮಟಾಷ್. ಹತ್ತು ದಿನ ಕಳೆದ ಮೇಲೆ ಕಿಟಕಿ ಖಾಲಿಯೇ ಇತ್ತು. ಆದರೆ ಸ್ವಿಚ್‌ಬೋರ್ಡಿನ ಹಿಂದಿನಿಂದ ಒಂದು ಸಾಲು, ಸಿಂಕಿನ ಕೆಳಗಿನಿಂದ ಒಂದು, ಬಚ್ಚಲಿನ ನಲ್ಲಿಯ ಪಕ್ಕದಿಂದ ಇನ್ನೊಂದು.

ಸಾಲಿನಲ್ಲಿ ನಮಗೆ ಕಾಣುವುದು ಗೂಡಿನ ಒಂದು ಸಣ್ಣ ಪಾಲು ಮಾತ್ರ. ಆಹಾರ ತರುವವರು ಸಾಮಾನ್ಯವಾಗಿ ವಯಸ್ಸಾದ ಕೆಲಸಗಾರ ಇರುವೆಗಳು. ಅವು ಹೇಗೂ ಸಾಯಲು ಹತ್ತಿರವಾದವು, ಸತ್ತರೆ ಗೂಡಿಗೆ ದೊಡ್ಡ ನಷ್ಟವಲ್ಲ. ಒಳಗೆ ರಾಣಿ ಮೊಟ್ಟೆ ಇಡುತ್ತಲೇ ಇರುತ್ತದೆ. ಕೆಲವು ರಾಣಿಗಳ ಆಯಸ್ಸು ನಂಬಲಾಗದಷ್ಟು ದೀರ್ಘ, ಯುರೋಪಿನ ತೋಟಗಳ ಕಪ್ಪಿರುವೆಯ ರಾಣಿಯೊಂದು ಪ್ರಯೋಗಾಲಯದಲ್ಲಿ 28 ವರ್ಷ ಬದುಕಿದ ದಾಖಲೆ ಇದೆ.

ನನ್ನ ಮನೆಗೆ ಬಂದದ್ದನ್ನು ಗೋಸ್ಟ್ ಆ್ಯಂಟ್, ಅಂದರೆ ಭೂತದ ಇರುವೆ ಎನ್ನುತ್ತಾರೆ. ವೈಜ್ಞಾನಿಕ ಹೆಸರು ಟ್ಯಾಪಿನೋಮಾ ಮೆಲನೋಸೆಫಲಮ್. ಬೆರಳಲ್ಲಿ ಹೊಸಕಿದರೆ ಮುಗ್ಗಿದ ಕೊಬ್ಬರಿಯ ವಾಸನೆ ಬರುತ್ತದೆ, ಗುರುತು ಹಿಡಿಯಲು ಅದೇ ಸುಲಭ. ಈ ಜಾತಿಯಲ್ಲೂ, ಹಳದಿ ಬಣ್ಣದ ಫೇರೋ ಇರುವೆಯಲ್ಲೂ ಒಂದು ಗೂಡಿಗೆ ಒಂದೇ ರಾಣಿ ಎಂಬ ನಿಯಮವಿಲ್ಲ, ಬಹಳಷ್ಟು ರಾಣಿಯರಿರುತ್ತಾರೆ. ಒಂದೇ ಸಂಸಾರ ಹಲವು ಸಂದುಗಳಲ್ಲಿ ಹರಡಿಕೊಂಡಿರುತ್ತದೆ. ಹೊಸ ಗೂಡು ಕಟ್ಟಲು ರೆಕ್ಕೆ ಬಂದು ಹಾರಬೇಕಾಗಿಲ್ಲ. ಒಬ್ಬ ರಾಣಿ, ಒಂದಿಷ್ಟು ಕೆಲಸಗಾರರು, ಒಂದಿಷ್ಟು ಮರಿಗಳು ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಬಿರುಕಿಗೆ ನಡೆದರೆ ಅದೇ ಹೊಸ ಮನೆ. ಫೇರೋ ಇರುವೆಗೆ ಸ್ಪ್ರೇ ಹೊಡೆದರೆ ಅವು ಹೀಗೆ ಒಡೆದು ಕಟ್ಟಡದ ತುಂಬಾ ಹರಡುತ್ತವೆ ಎಂಬುದು ಕೀಟನಿಯಂತ್ರಣ ಮಾಡುವವರಿಗೆ ಬಹಳ ಹಿಂದಿನಿಂದ ಗೊತ್ತಿರುವ ವಿಷಯ. ಆಸ್ಪತ್ರೆಗಳಲ್ಲಿ ಇದು ತಮಾಷೆಯಲ್ಲ. 1972ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ವರದಿಯೊಂದು, ಆಸ್ಪತ್ರೆಗಳಲ್ಲಿ ಹಿಡಿದ ಫೇರೋ ಇರುವೆಗಳ ಮೈಮೇಲೆ ರೋಗಕಾರಕ ಬ್ಯಾಕ್ಟೀರಿಯಾಗಳು ಇದ್ದುದನ್ನು ತೋರಿಸಿತು.

ಎಲ್ಲ ಇರುವೆಗಳೂ ಹೀಗಲ್ಲ. ಹೊಸಿಲಿನ ಹತ್ತಿರ ಓಡಾಡುವ ದೊಡ್ಡ ಕಪ್ಪು ಕಟ್ಟಿರುವೆಯ ಗೂಡು ಸಾಮಾನ್ಯವಾಗಿ ಹೊರಗೆ ಮಣ್ಣಿನಲ್ಲಿ, ಮರದ ಬುಡದಲ್ಲಿ ಇರುತ್ತದೆ. ಅದನ್ನು ಗುಡಿಸಿ ಹೊರಹಾಕಿದರೆ ಸಾಕು. ಕಚ್ಚಿದರೆ ಉರಿಯುವ ಸಣ್ಣ ಕೆಂಪಿರುವೆ ಬೇರೆ, ಅದಕ್ಕೆ ಸಿಹಿಗಿಂತ ಎಣ್ಣೆ, ಕಾಯಿ, ಮಾಂಸದ ಜಿಡ್ಡು ಇಷ್ಟ. ಅದು ಕಚ್ಚಿದಾಗ ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಅದು ಅಲರ್ಜಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಚಾಕ್ ಎಂದರೆ ಸೀಮೆಸುಣ್ಣವಲ್ಲ

ಮೈಸೂರಿನ ಮನೆಗೆ ವಾಪಸ್ ಬರುತ್ತೇನೆ. ರವೆ ಸೋತ ವಾರದಲ್ಲೇ ಅಮ್ಮ ಅಂಗಡಿಯಿಂದ ಇರುವೆ ಚಾಕ್ ತಂದು ಅಡುಗೆಮನೆಯ ಸುತ್ತ ಗೆರೆ ಎಳೆದಿದ್ದಳು. ಉಳಿದ ತುಂಡು ಕಿಟಕಿಯ ಕಟ್ಟೆಯ ಮೇಲಿತ್ತು. ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದಳು, ಮಗುವಿಗೆ ಆಗ ಒಂದೂವರೆ ವರ್ಷ. ಕುರ್ಚಿ ಹತ್ತಿ ಚಾಕ್ ತೆಗೆದುಕೊಂಡಿದ್ದಾಳೆ. ನಾವು ನೋಡುವಾಗ ತುದಿ ಬಾಯಲ್ಲಿತ್ತು, ತುಟಿಯೆಲ್ಲ ಬಿಳಿ. ಸ್ಲೇಟಿನ ಬಳಪ ಅಂದುಕೊಂಡು ಅಮ್ಮ ಮೊದಲು ನಕ್ಕಳು. ಆಮೇಲೆ ಅವಳ ಮುಖದ ಬಣ್ಣ ಹೋಯಿತು.

ಮಗುವಿಗೆ ಏನೂ ಆಗಲಿಲ್ಲ. ಬಾಯಿ ಒರೆಸಿ, ಕೈ ತೊಳೆದು, ಚಾಕಿನ ಡಬ್ಬಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋದೆವು. ಕೆಲವು ಗಂಟೆ ಇರಿಸಿಕೊಂಡು ನೋಡಿ ಕಳಿಸಿದರು. ಡಬ್ಬಿ ನೋಡಿದ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಇದರಲ್ಲಿ ಯಾವ ಔಷಧ ಇದೆ ಅಂತ ಯಾವತ್ತಾದರೂ ಓದಿದ್ದೀರಾ?" ಸಂವಹನದಲ್ಲಿ ಸ್ನಾತಕೋತ್ತರ ಪದವಿ ಮಾಡಿದ ನಾನೂ ಓದಿರಲಿಲ್ಲ.

ಇರುವೆ ಸುಣ್ಣದ ಗೆರೆ ದಾಟುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ಶಾಲೆಯ ಸೀಮೆಸುಣ್ಣದ ಗೆರೆಯೂ ಸ್ವಲ್ಪ ಹೊತ್ತು ತಡೆಯುತ್ತದೆ, ವಾಸನೆಯ ದಾರಿಯನ್ನು ಪುಡಿ ಮುಚ್ಚುವುದರಿಂದ. ಆದರೆ ಇರುವೆ ಚಾಕ್ ಕೆಲಸ ಮಾಡುವುದು ಸುಣ್ಣದಿಂದಲ್ಲ, ಅದರಲ್ಲಿ ಬೆರೆಸಿರುವ ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್‌ನಂಥ ಕೀಟನಾಶಕದಿಂದ. ಕೀಟದ ನರಗಳನ್ನು ಕೆಡಿಸುವ ವಸ್ತುಗಳಿವು. ಮನುಷ್ಯರಿಗೆ ಇವುಗಳ ವಿಷ ಹಳೆಯ ಕೀಟನಾಶಕಗಳಷ್ಟು ತೀವ್ರವಲ್ಲ ನಿಜ. ಆದರೂ ಮಗುವಿನ ಬಾಯಿಗೆ ಹೋಗುವಂಥದ್ದಲ್ಲ, ಚಪಾತಿ ಲಟ್ಟಿಸುವ ಕಟ್ಟೆಯ ಮೇಲೆ ಎಳೆಯುವಂಥದ್ದೂ ಅಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ಚಾಕ್‌ಗಳ ಮಾರಾಟ ಅಲ್ಲಿ ಕಾನೂನುಬಾಹಿರ ಎಂದು ಎಚ್ಚರಿಸುತ್ತಾ ಬಂದಿದೆ. ಕೊಡುವ ಮುಖ್ಯ ಕಾರಣ ನಮ್ಮ ಮನೆಯಲ್ಲಿ ಆದದ್ದೇ: ನೋಡಲು ಬಳಪದ ಹಾಗಿದೆ, ಮಕ್ಕಳು ಬಾಯಿಗಿಡುತ್ತಾರೆ.

ಪುಡಿಗಳ ಕಥೆ ಇನ್ನೂ ಕೆಟ್ಟದ್ದು. ನಮ್ಮ ಹಿರಿಯರು ಗಮಾಕ್ಸಿನ್ ಎಂದು ಕರೆಯುತ್ತಿದ್ದ ಇರುವೆ ಪುಡಿ ಬಿಎಚ್‌ಸಿ ಎಂಬ ರಾಸಾಯನಿಕ. ಭಾರತದಲ್ಲಿ ಅದನ್ನು 1997ರಲ್ಲಿ ನಿಷೇಧಿಸಲಾಯಿತು, ಅದರದೇ ಶುದ್ಧರೂಪವಾದ ಲಿಂಡೇನ್ ಬಳಕೆ 2013ರಲ್ಲಿ ನಿಂತಿತು. ಮಣ್ಣಿನಲ್ಲಿ, ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುವ ವಿಷವದು. ಅಟ್ಟದ ಮೇಲೆ ಹಳೆಯ ಡಬ್ಬಿ ಇದ್ದರೆ ಅದನ್ನು "ಇನ್ನೂ ಸ್ವಲ್ಪ ಇದೆಯಲ್ಲ" ಎಂದು ಬಳಸಬೇಡಿ. ಲೇಬಲ್ ಇಲ್ಲದೆ ಬಿಡಿಯಾಗಿ ಪೊಟ್ಟಣದಲ್ಲಿ ಕಟ್ಟಿಕೊಡುವ ಪುಡಿಯನ್ನಂತೂ ಮನೆಯೊಳಗೆ ತರಲೇಬೇಡಿ. ಅದರಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದರೆ, ಅನಾಹುತವಾದಾಗ ಯಾವ ಚಿಕಿತ್ಸೆ ಕೊಡಬೇಕು ಎಂದು ವೈದ್ಯರಿಗೂ ಗೊತ್ತಾಗುವುದಿಲ್ಲ.

ಬಿಳಿ ಪುಡಿಯೂ ಹಿಟ್ಟೂ ಒಂದೇ ಮನೆಯಲ್ಲಿ ಇದ್ದರೆ ಏನಾಗಬಹುದು ಎಂದು ಊಹಿಸಬೇಕಾಗಿಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೇರಿದ್ದ ಗೋಧಿಹಿಟ್ಟು ತಿಂದು 100ಕ್ಕೂ ಹೆಚ್ಚು ಜನ ಸತ್ತರು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಅಡುಗೆಗೆ ಮೊನೊಕ್ರೊಟೊಫಾಸ್ ಸೇರಿ, ಬಿಸಿಯೂಟ ಉಂಡ 23 ಮಕ್ಕಳು ಪ್ರಾಣ ಕಳೆದುಕೊಂಡರು. ಎರಡರಲ್ಲೂ ಇರುವೆಯ ಪಾತ್ರವಿಲ್ಲ, ಅಲ್ಲಿದ್ದದ್ದು ಹೊಲಕ್ಕೆ ಬಳಸುವ ವಿಷ. ಆಹಾರದ ಹತ್ತಿರ ವಿಷ ಬಂದದ್ದು ಮಾತ್ರ ಒಂದೇ ರೀತಿ.

ಯಾರಾದರೂ ಇಂಥದ್ದನ್ನು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪುನೀರು ಕುಡಿಸಬೇಡಿ. ಬಾಯಿ ಒರೆಸಿ, ಕೈಮುಖ ತೊಳೆದು, ಡಬ್ಬಿ ಅಥವಾ ಪೊಟ್ಟಣವನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ. ತುರ್ತಿಗೆ 108 ಇದೆ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಹಾಯವಾಣಿ 1800 116 117, ಹಗಲು ರಾತ್ರಿ ಕರೆ ಮಾಡಬಹುದು.

ಇರುವೆಯ ಕೈಯಲ್ಲೇ ಕಳಿಸುವುದು

ಈಗ ಸಾಮಾಜಿಕ ಹೊಟ್ಟೆಯ ವಿಷಯಕ್ಕೆ ಬರೋಣ. ಸಾಲಿನಲ್ಲಿರುವ ಇರುವೆಯನ್ನು ಕೊಂದರೆ ಪ್ರಯೋಜನವಿಲ್ಲ, ರಾಣಿಗೆ ತಲುಪಬೇಕು. ರಾಣಿ ಎಲ್ಲಿದ್ದಾಳೆ ಎಂದು ನಮಗೆ ಗೊತ್ತಿಲ್ಲ, ಇರುವೆಗೆ ಗೊತ್ತಿದೆ. ಆದ್ದರಿಂದ ಔಷಧವನ್ನು ಅದರ ಕೈಯಲ್ಲೇ ಕಳಿಸಬೇಕು. ಬೈಟ್ ಎಂದರೆ ಇಷ್ಟೇ. ಅದು ರುಚಿಯಾಗಿರಬೇಕು, ದ್ರವವಾಗಿರಬೇಕು ಅಥವಾ ಜೆಲ್ ಆಗಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ನಿಧಾನವಾಗಿ ಕೊಲ್ಲಬೇಕು. ಬೇಗ ಕೊಂದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ಹಂಚಿಕೆ ನಡೆಯುವುದಿಲ್ಲ.

ಅಂಗಡಿಯಲ್ಲಿ ಸಿಗುವ ಇರುವೆ ಜೆಲ್‌ಗಳು ಈ ತತ್ವದ ಮೇಲೆಯೇ ಕೆಲಸ ಮಾಡುತ್ತವೆ. ಲೇಬಲ್ಲಿನಲ್ಲಿ ಇರುವೆಯ ಹೆಸರು ಇದೆಯೇ ನೋಡಿ, ಜಿರಳೆಯ ಜೆಲ್ ಎಲ್ಲ ಇರುವೆಗೂ ಹಿಡಿಸುವುದಿಲ್ಲ. ಮನೆಯಲ್ಲಿ ಮಾಡುವುದಾದರೆ ಬೋರಿಕ್ ಆಮ್ಲ ಬೇಕು. ಕೇರಂ ಬೋರ್ಡಿಗೆ ಉದುರಿಸುವ ಪುಡಿ ಬಹಳ ಸಲ ಇದೇ ಆಗಿರುತ್ತದೆ, ಆದರೆ ಬೇರೆ ಏನಾದರೂ ಬೆರೆತಿರಬಹುದಾದ್ದರಿಂದ ಔಷಧಿ ಅಂಗಡಿಯಲ್ಲಿ ಕೇಳಿ ತರುವುದು ಒಳ್ಳೆಯದು.

100 ಮಿಲಿಲೀಟರ್ ಬೆಚ್ಚಗಿನ ನೀರಿಗೆ 10 ಗ್ರಾಂ ಸಕ್ಕರೆ, ಅಂದರೆ ಸುಮಾರು ಎರಡೂವರೆ ಟೀ ಚಮಚ, ಮತ್ತು 1 ಗ್ರಾಂ ಬೋರಿಕ್ ಆಮ್ಲ, ಅಂದರೆ ಕಾಲು ಟೀ ಚಮಚದಷ್ಟು. ಪೂರ್ತಿ ಕರಗುವವರೆಗೆ ಕಲಸಿ. ಎಲ್ಲರೂ ತಪ್ಪುವುದು ಇಲ್ಲಿಯೇ. ಇಷ್ಟು ಕಡಿಮೆ ಸಾಕೇ ಎಂದು ಒಂದು ಚಮಚ ಪುಡಿ ಸುರಿಯುತ್ತಾರೆ. ಹೆಚ್ಚಾದರೆ ಇರುವೆ ಮುಟ್ಟುವುದಿಲ್ಲ, ಮುಟ್ಟಿದ್ದೂ ಗೂಡು ತಲುಪುವ ಮೊದಲೇ ಸಾಯುತ್ತದೆ. ಶೇಕಡಾ 1ರಷ್ಟು ದ್ರಾವಣವೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

ಹತ್ತಿಯ ಉಂಡೆಯನ್ನು ಇದರಲ್ಲಿ ನೆನೆಸಿ, ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ. ಬದಿಯಲ್ಲಿ ಬಿಸಿ ಸೂಜಿಯಿಂದ ಇರುವೆ ನುಗ್ಗುವಷ್ಟು ನಾಲ್ಕು ತೂತು ಮಾಡಿ, ಮುಚ್ಚಳವನ್ನು ಟೇಪಿನಿಂದ ಬಿಗಿಯಿರಿ. ಮೇಲೆ ದಪ್ಪ ಅಕ್ಷರದಲ್ಲಿ "ವಿಷ" ಎಂದು ಬರೆಯಿರಿ. ಸಾಲು ಹೋಗುವ ದಾರಿಯ ಪಕ್ಕದಲ್ಲಿ, ಮಗುವಿನ ಕೈಗೂ ಬೆಕ್ಕು ನಾಯಿಯ ಬಾಯಿಗೂ ಸಿಗದ ಕಡೆ ಇಡಿ. ಬೋರಿಕ್ ಆಮ್ಲವನ್ನು ಬಹಳ ಜನ ನಿರುಪದ್ರವಿ ಎಂದುಕೊಂಡಿದ್ದಾರೆ. ಹಿಂದೆ ಹಸುಗೂಸುಗಳಿಗೆ ಬಳಸಿದ ಬೋರಿಕ್ ಪುಡಿಯಿಂದ ಸಾವುಗಳೂ ಆಗಿವೆ. ಅಕ್ಕಸಾಲಿಗರು ಬಳಸುವ ಬಿಳಿಗಾರವೂ ಇದರ ಬಳಗವೇ. ಇದೂ ಸಕ್ಕರೆಯಂತೆ, ಉಪ್ಪಿನಂತೆ ಕಾಣುವ ಬಿಳಿ ಪುಡಿಯೇ ಆದ್ದರಿಂದ ಉಳಿದದ್ದನ್ನು ಅಡುಗೆಮನೆಯ ಶೆಲ್ಫಿನಲ್ಲಿ ಇಡಬೇಡಿ. ಕಲಸಿದ ಚಮಚವನ್ನೂ ವಾಪಸ್ ಅಡುಗೆಗೆ ತರಬೇಡಿ. ತೀರಾ ಚಿಕ್ಕ ಮಕ್ಕಳಿರುವ ಮನೆಯಲ್ಲಿ ನಾನಂತೂ ಮನೆಯಲ್ಲಿ ಕಲಸುವ ಗೋಜಿಗೆ ಹೋಗದೆ, ಬಿರುಕಿನ ಒಳಗೆ ಹಚ್ಚಬಹುದಾದ ಜೆಲ್ಲನ್ನೇ ತರುತ್ತೇನೆ.

ಮೊದಲ ದಿನ ಇರುವೆಗಳು ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತವೆ. ಡಬ್ಬಿಯ ಸುತ್ತ ಜಾತ್ರೆ. ಈ ಹೊತ್ತಿನಲ್ಲಿ ಕೈ ತಡೆಯುವುದು ಕಷ್ಟ, ಆದರೆ ಸ್ಪ್ರೇ ಹೊಡೆದರೆ, ಸೋಪುನೀರಿನಿಂದ ಸಾಲು ಒರೆಸಿದರೆ ಎಲ್ಲ ಹಾಳು. ಅವು ಹೊತ್ತುಕೊಂಡು ಹೋಗಲಿ. ಎರಡು ದಿನಕ್ಕೊಮ್ಮೆ ಹತ್ತಿ ಒಣಗದಂತೆ ಹೊಸದು ಹಾಕಿ. ಬೇರೆ ಆಹಾರ ಸಿಗದಿದ್ದರೆ ಮಾತ್ರ ಬೈಟ್‌ಗೆ ಬೆಲೆ, ಹಾಗಾಗಿ ಆ ದಿನಗಳಲ್ಲಿ ಎಂಜಲು ಪಾತ್ರೆ ರಾತ್ರಿ ಬಿಡಬೇಡಿ, ಕಟ್ಟೆಯನ್ನು ಒರೆಸಿಡಿ. ಕೆಲವು ದಿನಗಳಲ್ಲಿ ಸಾಲು ತೆಳುವಾಗುತ್ತದೆ. ಹಲವು ರಾಣಿಯರ ಸಂಸಾರವಾದರೆ ಎರಡು ಮೂರು ವಾರವೂ ಬೇಕಾಗಬಹುದು. ಸಕ್ಕರೆಯ ಕಡೆ ತಿರುಗಿಯೂ ನೋಡದ ಕೆಂಪಿರುವೆಗೆ ಈ ಪಾಕ ನಡೆಯುವುದಿಲ್ಲ. ಯಾವುದು ಇಷ್ಟ ಎಂದು ತಿಳಿಯಲು ಒಂದು ಕಾಗದದ ಮೇಲೆ ಒಂದು ಹನಿ ಬೆಲ್ಲದ ನೀರು, ಇನ್ನೊಂದು ಕಡೆ ಚೂರು ಕೊಬ್ಬರಿ ಇಟ್ಟು ಒಂದು ಗಂಟೆ ನೋಡಿ. ಕೊಬ್ಬರಿಗೆ ಮುತ್ತಿದರೆ ಎಣ್ಣೆಯಂಶವಿರುವ ಸಿದ್ಧ ಬೈಟ್ ಬೇಕು.

ಸಾಲು ನಿಂತ ಮೇಲೆ ಬಿರುಕು ಮುಚ್ಚಿ, ಮೊದಲಲ್ಲ. ಕಿಟಕಿಯ ಸಂದಿಗೆ ಬಿಳಿ ಸಿಮೆಂಟ್ ಅಥವಾ ಸಿಲಿಕೋನ್ ಸಾಕು. ಸೋರುವ ನಲ್ಲಿ ಸರಿಮಾಡಿಸಿ, ಬೇಸಿಗೆಯಲ್ಲಿ ಹಲವು ಇರುವೆಗಳು ಬರುವುದೇ ನೀರಿಗಾಗಿ. ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುವ ಹಳೆಯ ಉಪಾಯ ಇಂದಿಗೂ ಒಳ್ಳೆಯದೇ. ನೀರಿಗೆ ಒಂದು ತೊಟ್ಟು ಸೋಪು ಹಾಕಿದರೆ ಇರುವೆ ಮೇಲ್ಮೈಯಲ್ಲಿ ತೇಲಿ ದಾಟಲಾರದು. ಆದರೆ ಆ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ತಟ್ಟೆ ಉಜ್ಜಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಟ್ಟೆಯ ಅಂಚಿನಲ್ಲೇ.

ಬಚ್ಚಲಿಗೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆಯೇ?

ಇರುವೆಯ ಬಗ್ಗೆ ಬರೆಯುತ್ತಿದ್ದೇನೆ ಎಂದಾಗ ಗೆಳತಿಯೊಬ್ಬಳು ಕೇಳಿದ ಪ್ರಶ್ನೆ ಇದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಮಧುಮೇಹದ ಲಕ್ಷಣವೆಂದು ಆಯುರ್ವೇದದ ಹಳೆಯ ಗ್ರಂಥಗಳು ಗುರುತಿಸಿದ್ದವು. ಆ ಕಾಲಕ್ಕೆ ಅದು ಚುರುಕಾದ ಗಮನ. ಆದರೆ ಮೂತ್ರದಲ್ಲಿ ಗ್ಲುಕೋಸ್ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ರಕ್ತದಲ್ಲಿ ಅದು ಡೆಸಿಲೀಟರ್‌ಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆ. ಆರಂಭದ ಮಧುಮೇಹದಲ್ಲಿ ಒಂದೂ ಇರುವೆ ಬಾರದಿರಬಹುದು. ಇನ್ನೊಂದು ಕಡೆ, ಮೂತ್ರದ ಯೂರಿಯಾಗೂ ತೇವಕ್ಕೂ ಇರುವೆ ಬರುತ್ತದೆ, ಸಕ್ಕರೆ ಕಾಯಿಲೆ ಇಲ್ಲದವರ ಬಚ್ಚಲಿಗೂ. ಅನುಮಾನ ಬಂದರೆ ಇರುವೆ ಎಣಿಸುವ ಬದಲು ರಕ್ತಪರೀಕ್ಷೆ ಮಾಡಿಸಿ.

ಮೈಸೂರಿನ ಮನೆಯಲ್ಲಿ ಸಿಂಕಿನ ಮೂಲೆಯ ಸಾಲು ಹನ್ನೊಂದನೆಯ ದಿನಕ್ಕೆ ನಿಂತಿತು. ಅಮ್ಮ ಹೊಸಿಲಿನ ಮುಂದೆ ಅಕ್ಕಿಹಿಟ್ಟಿನ ರಂಗೋಲಿ ಹಾಕುತ್ತಲೇ ಇದ್ದಾಳೆ. ಅದಕ್ಕೆ ತೆಂಗಿನ ಬುಡದಿಂದ ಕಟ್ಟಿರುವೆಗಳು ಬರುತ್ತವೆ, ಹಿಟ್ಟು ಹೊತ್ತುಕೊಂಡು ಅಲ್ಲಿಂದಲೇ ವಾಪಸ್ ಹೋಗುತ್ತವೆ. ಚಾಕ್ ಇದ್ದ ಕಿಟಕಿಯ ಕಟ್ಟೆಯ ಮೇಲೆ ಈಗ ಒಂದು ಕೊತ್ತಂಬರಿ ಕುಂಡ ಇದೆ.